ಟ್ರಿನಿಡಾಡ್‌ನ ಬಾಲ್ಯದ ಗೆಳತಿಯರು ಮತ್ತೆ ಸಿಕ್ಕಿದ್ದು ಮದುವೆ ಮನೆಯ ಅಡುಗೆ ರಾತ್ರಿಯಲ್ಲಿ

ಟುನಾಪುನಾ ಹುಡುಗಿ

ಎಲ್ಲರಿಗೂ ನಮಸ್ಕಾರ. ಕೆರಿಬಿಯನ್ ದ್ವೀಪಗಳಲ್ಲಿ ಬೆಳೆದವರು, ಅಲ್ಲಿ ಕೆಲಸ ಮಾಡಿದವರು, ಮಕ್ಕಳನ್ನು ಓದೋಕೆ ಕಳಿಸಿದವರು ಇಲ್ಲಿ ಒಬ್ಬಿಬ್ಬರಾದರೂ ಇರಬಹುದು ಅಂತ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮಪ್ಪ ಟ್ರಿನಿಡಾಡ್‌ನಲ್ಲಿ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಸೇಂಟ್ ಆಗಸ್ಟಿನ್ ಕ್ಯಾಂಪಸ್‌ನಲ್ಲಿ ಪಾಠ ಮಾಡುತ್ತಿದ್ದರು. ಮನೆ ಪಕ್ಕದ ಟುನಾಪುನಾ ಊರಿನಲ್ಲಿ. ನಾನು ಓದು ಕಲಿತದ್ದು, ಸೈಕಲ್ ಕಲಿತದ್ದು ಎಲ್ಲ ಅಲ್ಲೇ. ಹೈಸ್ಕೂಲಿನ ಹೊತ್ತಿಗೆ ಮೈಸೂರಿಗೆ ವಾಪಸ್ ಬಂದೆವು. ಇಬ್ಬರು ಗೆಳತಿಯರಿದ್ದರು. ಒಬ್ಬಳ ಮುತ್ತಜ್ಜ ಕಬ್ಬಿನ ತೋಟದ ಕೂಲಿಗೆ ಕಲ್ಕತ್ತಾದಿಂದ ಹಡಗು ಹತ್ತಿ ಬಂದವರು. ಇನ್ನೊಬ್ಬಳು ಆಫ್ರಿಕನ್ ಮೂಲದವಳು. ಇವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ದಾಸವಾಳದ ಬೇಲಿ ಅಷ್ಟೇ. ಪತ್ರ ಕೆಲವು ವರ್ಷ ನಡೆದು ನಿಂತುಹೋಯಿತು. ಮತ್ತೆ ಸಿಕ್ಕಿದ್ದು ವಾಟ್ಸಾಪ್‌ನಲ್ಲಿ. ಈ ವರ್ಷ ಮೊದಲನೆಯವಳ ಮಗಳ ಮದುವೆ. "ಮದುವೆ ದಿನ ಬಂದರೆ ಏನೂ ಪ್ರಯೋಜನ ಇಲ್ಲ, ಹಿಂದಿನ ರಾತ್ರಿಗೇ ಬಾ" ಅಂದಳು.

ಯಾಕೆ ಅಂದರೆ, ಅಲ್ಲಿನ ಹಿಂದೂ ಮದುವೆ ಸಾಮಾನ್ಯವಾಗಿ ಭಾನುವಾರ. ಶನಿವಾರ ರಾತ್ರಿಗೆ ಅಡುಗೆ ರಾತ್ರಿ ಅಂತಲೇ ಹೆಸರು. ಕೇಟರಿಂಗ್ ಈಗ ಬಂದಿದೆ, ಆದರೂ ಸಂಪ್ರದಾಯ ಇಟ್ಟುಕೊಂಡ ಮನೆಗಳಲ್ಲಿ ಊರಿನವರೇ ಸೇರಿ ಅಡುಗೆ ಮಾಡುತ್ತಾರೆ. ಶಗ್ವಾನಸ್ ಹತ್ತಿರದ ಅವಳ ಮನೆಗೆ ನಾನು ಹೋದಾಗ ಸಂಜೆ. ಅಂಗಳದಲ್ಲಿ ಚಪ್ಪರ. ಅಕ್ಕಪಕ್ಕದವರು ತಮ್ಮ ತಮ್ಮ ಚಾಕು, ಹಲಗೆ ಹಿಡಿದುಕೊಂಡೇ ಬರುತ್ತಿದ್ದರು. ಒಂದು ಕಡೆ ಗಂಡಸರು ಸೌದೆ ಒಲೆ ಮೇಲೆ ಕಬ್ಬಿಣದ ದೊಡ್ಡ ಕಡಾಯಿಗಳನ್ನು ಏರಿಸುತ್ತಿದ್ದರು. ಇನ್ನೊಂದು ಕಡೆ ಹೆಂಗಸರು ಪರೋಟಾಗೆ ಹಿಟ್ಟು ನಾದುತ್ತಿದ್ದರು. ತಾಸಾ ಬಾರಿಸುವ ಹುಡುಗರು ಬೆಂಕಿ ಹತ್ತಿರ ಕೂತು ತಾಸಾದ ಚರ್ಮ ಕಾಯಿಸುತ್ತಿದ್ದರು.

ಇಷ್ಟು ವರ್ಷ ಆದಮೇಲೆ ಏನು ಮಾತಾಡೋದು ಅನ್ನೋ ಅಳುಕು ನನಗಿತ್ತು. ಗೆಳತಿ ಅಪ್ಪಿಕೊಂಡಳು, ಅತ್ತಳು, ನಾನೂ ಅತ್ತೆ. ಆಮೇಲೆ ಇಬ್ಬರೂ ಸುಮ್ಮನಾದೆವು. ಅಷ್ಟರಲ್ಲಿ ಅವಳ ಅತ್ತೆ ನಮ್ಮಿಬ್ಬರ ಮುಂದೆ ಒಂದು ಬುಟ್ಟಿ ಶಾಟೇನ್ ತಂದಿಟ್ಟರು. ಇದು ಹಲಸಿನ ಬಳಗದ ಕಾಯಿ, ಮೈಮೇಲೆ ಮೆತ್ತನೆಯ ಮುಳ್ಳು. ಹಲಸಿನ ಗುಜ್ಜೆ ಹೆಚ್ಚಿದವರಿಗೆ ಆ ಕೆಲಸ ಗೊತ್ತೇ ಇರುತ್ತದೆ. ಕೈಗೆ ಎಣ್ಣೆ ಸವರಿಕೊಂಡು, ಕಾಯಿ ಸೀಳಿ, ಎಳೆ ಎಳೆಯಾಗಿ ಬಿಡಿಸಬೇಕು. ಒಳಗಿನ ಬೀಜವನ್ನು ಒಂದೊಂದಾಗಿ ಸುಲಿಯಬೇಕು. ಬೇಗ ಮುಗಿಯುವ ಕೆಲಸ ಅಲ್ಲ. ಬಗ್ಗಿ ಕೂತು ಸುಲಿಯುತ್ತಾ ಹೋದಂತೆ ಮಾತು ತಾನಾಗಿ ಬಂತು. ಮುಖ ನೋಡಿಕೊಂಡು ಹೇಳೋಕೆ ಆಗದ್ದನ್ನೂ ಕೈಕೆಲಸ ನೋಡಿಕೊಂಡು ಹೇಳಬಹುದು. ಅವಳ ಗಂಡ ತೀರಿಕೊಂಡ ವರ್ಷದ ಕಥೆ ನನಗೆ ಗೊತ್ತಾಗಿದ್ದು ಆ ಬುಟ್ಟಿಯ ಮುಂದೆ. ಸ್ವಲ್ಪ ಹೊತ್ತಿಗೆ ಬೇಲಿಯಾಚೆಯ ಗೆಳತಿಯೂ ಬಂದಳು. ಬಂದವಳೇ ಸ್ಟೂಲ್ ಎಳೆದುಕೊಂಡು ಚಾಕು ಕೇಳಿದಳು.

ಊಟದ ಬಗ್ಗೆ ಬರೆಯಲೇಬೇಕು. ಮದುವೆ ಊಟ ಪೂರ್ತಿ ಸಸ್ಯಾಹಾರ. ಬಡಿಸೋದು ಸೊಹಾರಿ ಎಲೆ ಮೇಲೆ. ಬಾಳೆ ಎಲೆ ತರಹವೇ ಅಗಲ, ಆದರೆ ಅದು ಬೇರೆ ಗಿಡ. ಅನ್ನ, ಬೇಳೆ, ಕಡಲೆ-ಆಲೂಗಡ್ಡೆ, ಸಿಹಿಗುಂಬಳ, ಅಲಸಂದೆ ಕಾಯಿ, ಕೆಸುವಿನ ಎಲೆಯ ಸೊಪ್ಪಿನ ಪಲ್ಯ, ಶಾಟೇನ್ ಪಲ್ಯ, ಮಾವಿನಕಾಯಿ ಪಲ್ಯ, ಪರೋಟಾ. ಮಾವಿನಕಾಯಿಯನ್ನು ಸಿಪ್ಪೆ, ಗೊರಟು ಸಮೇತ ಕಡಿದು, ಅಮ್ಚಾರ್ ಅನ್ನುವ ಉಪ್ಪಿನಕಾಯಿ ಮಸಾಲೆ, ಬೆಲ್ಲದ ಬಣ್ಣದ ಸಕ್ಕರೆ ಹಾಕಿ ಬೇಯಿಸುತ್ತಾರೆ. ಗೊರಟು ಚೀಪುತ್ತಾ ಎಲೆ ಮುಂದೆ ಕೂರುವ ಸುಖ ಬೇರೆಯೇ.

ನಿಮ್ಮಲ್ಲಿ ಯಾರಾದರೂ ಹೀಗೆ ದೂರದೇಶದ ಬಾಲ್ಯದ ಗೆಳೆಯರನ್ನು ಮತ್ತೆ ಭೇಟಿಯಾಗಿದ್ದೀರಾ? ಏನು ತಿಂದಿರಿ?

ಮಲ್ಲಿಗೆಬಳ್ಳಿ

ಓದಿ ಕಣ್ಣು ತುಂಬಿ ಬಂತು. ಒಂದು ಸಂದೇಹ. ಪರೋಟಾ ಅಂದರೆ ನಮ್ಮ ಪದರ ಪದರದ ಪರೋಟಾನಾ? ಬೇಳೆ ಅಂದರೆ ತೊಗರಿಬೇಳೆನಾ?

ಟುನಾಪುನಾ ಹುಡುಗಿ

ಬೇಳೆ ತೊಗರಿ ಅಲ್ಲ. ಅಲ್ಲಿ ದಾಲ್ ಅಂದರೆ ಒಣ ಬಟಾಣಿಯ ಹಳದಿ ಬೇಳೆ. ನುಣ್ಣಗೆ ಬೇಯಿಸಿ ಕಡೆದು, ಕೊನೆಗೆ ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆ. ಬೆಳ್ಳುಳ್ಳಿ ಚೆನ್ನಾಗಿ ಕಪ್ಪಗಾಗುವ ತನಕ ಕಾಯುತ್ತಾರೆ. ನಮ್ಮಲ್ಲಿ ಅಷ್ಟು ಬಿಟ್ಟರೆ ಸೀದುಹೋಯಿತು ಅಂತೀವಿ. ಅಲ್ಲಿ ಅದೇ ರುಚಿ.

ಪರೋಟಾ ಪದರದ್ದೇ. ಆದರೆ ದೊಡ್ಡ ಕಾವಲಿ ಮೇಲೆ ಬೆಂದಾದ ಮೇಲೆ ಎರಡು ಮರದ ಚಪ್ಪಟೆ ಹುಟ್ಟು ಹಿಡಿದು ಎರಡೂ ಕಡೆಯಿಂದ ಬಡಿಯುತ್ತಾರೆ. ಅದು ಚಿಂದಿ ಚಿಂದಿಯಾಗಿ, ರೇಷ್ಮೆ ತರಹ ಮೆತ್ತಗಾಗುತ್ತದೆ. ಅದಕ್ಕೆ ಅಲ್ಲಿನವರ ಹೆಸರು ಬಸ್-ಅಪ್-ಶಟ್. ಇನ್ನೊಂದು ಧಾಲ್‌ಪುರಿ. ಹೋಳಿಗೆ ಮಾಡಿದವರು ಒಂದು ಸಲ ನೋಡಿದರೆ ಸಾಕು. ಬೇಳೆಯನ್ನು ಅರ್ಧ ಬೇಯಿಸಿ, ನೀರು ಬಸಿದು, ಪುಡಿ ಮಾಡಿ, ಜೀರಿಗೆ ಸೇರಿಸಿ ಹೂರಣದಂತೆ ತುಂಬುವುದು. ಸಿಹಿ ಇಲ್ಲ, ಖಾರ. ಚಾದರದಷ್ಟು ಅಗಲ ಲಟ್ಟಿಸುತ್ತಾರೆ, ಆದರೂ ಹರಿಯಲ್ಲ. ಆ ಕೈಚಳಕ ನೋಡೋಕೆ ಎಷ್ಟು ಹೊತ್ತು ನಿಂತರೂ ಸಾಲದು.

ಚುರುಮುರಿ

ತಪ್ಪು ತಿಳಿಯಬೇಡಿ. ಆದರೆ ಇದೆಲ್ಲ ನಮ್ಮ ಉತ್ತರ ಭಾರತದ ಅಡುಗೆಯೇ ಅಲ್ವಾ? ಡಬಲ್ಸ್ ಅಂತ ಯೂಟ್ಯೂಬ್‌ನಲ್ಲಿ ನೋಡಿದೆ. ಅದು ಛೋಲೆ ಭಟೂರೆ. ಇದನ್ನು ಕೆರಿಬಿಯನ್ ಸಾಂಪ್ರದಾಯಿಕ ಅಡುಗೆ ಅನ್ನೋದು ಹೇಗೆ?

ಟುನಾಪುನಾ ಹುಡುಗಿ

ಬೇಜಾರಿಲ್ಲ, ಎಲ್ಲರೂ ಕೇಳುವ ಪ್ರಶ್ನೆ. ಆದರೆ ನಾನು ಒಪ್ಪಲ್ಲ. ಕಾರಣ ಹೇಳ್ತೀನಿ.

ಟ್ರಿನಿಡಾಡ್‌ಗೆ ಭಾರತೀಯ ಕೂಲಿಗಳ ಮೊದಲ ಹಡಗು ಫತೆಲ್ ರಜಾಕ್ ಬಂದದ್ದು 1845ರ ಮೇ 30ರಂದು. ಗುಲಾಮಗಿರಿ ನಿಂತು ಕೆಲವೇ ವರ್ಷ ಆಗಿತ್ತು, ಕಬ್ಬಿನ ತೋಟಗಳಿಗೆ ಆಳು ಬೇಕಿತ್ತು. 1917ರವರೆಗೆ ಬಂದವರು 1,40,000ಕ್ಕಿಂತ ಜಾಸ್ತಿ. ಹೆಚ್ಚಿನವರು ಈಗಿನ ಬಿಹಾರ, ಉತ್ತರ ಪ್ರದೇಶದ ಕಡೆಯವರು. ಮದರಾಸು ಬಂದರಿನಿಂದಲೂ ಕೆಲವರು ಹೋದರು. ಅವರಿಗೆ ಸಿಕ್ಕಿದ್ದು ತೋಟದ ಪಡಿ. ಊರಿನ ಸಾಮಾನು ಸಿಗದ ಕಡೆ ಸಿಕ್ಕಿದ್ದರಲ್ಲೇ ಅಡುಗೆ ಮಾಡಿದರು. ಕೊತ್ತಂಬರಿ ಸೊಪ್ಪಿನ ಜಾಗಕ್ಕೆ ಅಲ್ಲಿನ ಕಾಡಿನ ಶಾಡೋ ಬೆನಿ ಅನ್ನುವ ಸೊಪ್ಪು ಬಂತು. ಹಸಿಮೆಣಸಿನ ಜಾಗಕ್ಕೆ ಕುಳ್ಳನೆಯ, ಭಾರಿ ಖಾರದ, ಘಮ್ಮೆನ್ನುವ ಕೆರಿಬಿಯನ್ ಮೆಣಸು.

ಈಗ ಡಬಲ್ಸ್ ವಿಷಯ. ಇದು ಹುಟ್ಟಿದ್ದು ಭಾರತದಲ್ಲಿ ಅಲ್ಲ. ದಕ್ಷಿಣ ಟ್ರಿನಿಡಾಡ್‌ನ ಪ್ರಿನ್ಸಸ್ ಟೌನ್‌ನಲ್ಲಿ, 1936ರಲ್ಲಿ, ದೀನ್ ಮನೆತನದವರು ಮಾರೋಕೆ ಶುರು ಮಾಡಿದರು ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ಮೊದಲು ಒಂದೇ ಬಾರಾ, ಅಂದರೆ ಎಣ್ಣೆಯಲ್ಲಿ ಕರಿದ ಮೆತ್ತನೆಯ ರೊಟ್ಟಿ, ಅದರ ಮೇಲೆ ಕಡಲೆ ಹಾಕಿ ಕೊಡುತ್ತಿದ್ದರಂತೆ. ಗಿರಾಕಿಗಳು ಇನ್ನೊಂದು ಹಾಕಿ ಅನ್ನೋಕೆ ಶುರು ಮಾಡಿದರು. ಭಟೂರೆ ದೊಡ್ಡದು, ಉಬ್ಬಿರುತ್ತದೆ, ತಟ್ಟೆಯಲ್ಲಿ ಬರುತ್ತದೆ. ಬಾರಾ ಅಂಗೈಯಗಲ, ಅರಿಶಿನದ ಬಣ್ಣ, ಹತ್ತಿಯಷ್ಟು ಮೆತ್ತಗೆ. ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಪೇರಿಸಿ ಇಡುತ್ತಾರೆ, ಆ ಹಬೆಯಲ್ಲೇ ಇನ್ನಷ್ಟು ಮೆತ್ತಗಾಗುತ್ತದೆ. ಮೇಣದ ಕಾಗದ ಎಡಗೈಯಲ್ಲಿ, ಬಾರಾ ಎರಡು, ಕಡಲೆ ಒಂದು ಚಮಚ, ಸೌತೆಕಾಯಿ ತುರಿ, ಹುಣಸೆ, ಕುಚೇಲಾ. ಮೆಣಸಿನ ಚಟ್ನಿ ಎಷ್ಟು ಅಂತ ಮಾರುವವರು ಕೇಳುತ್ತಾರೆ. "ಸ್ಲೈಟ್" ಅಂದರೆ ಒಂಚೂರು. ಆಮೇಲೆ ಕಾಗದದ ಎರಡೂ ತುದಿ ಹಿಡಿದು ಒಂದೇ ತಿರುವು, ಪೊಟ್ಟಣ ಸಿದ್ಧ. ನೀವು ರಸ್ತೆ ಬದಿ ನಿಂತು ಅದನ್ನು ಬಿಚ್ಚಿ, ಬೆರಳಲ್ಲೇ ತಿನ್ನಬೇಕು. ಬೆಳಗ್ಗೆ ಕ್ಯುರೆಪ್ ಜಂಕ್ಷನ್‌ನಲ್ಲಿ ಆಫೀಸಿಗೆ ಹೊರಟವರು, ಸ್ಕೂಲ್ ಮಕ್ಕಳು, ಪೊಲೀಸರು, ರಾತ್ರಿ ಪಾಳಿ ಮುಗಿಸಿದ ನರ್ಸ್‌ಗಳು ಒಂದೇ ಗುಂಪಿನಲ್ಲಿ ನಿಂತಿರುತ್ತಾರೆ.

2011ರ ಜನಗಣತಿ ಪ್ರಕಾರ ಆ ದೇಶದಲ್ಲಿ ಭಾರತೀಯ ಮೂಲದವರು ಶೇ. 35, ಆಫ್ರಿಕನ್ ಮೂಲದವರು ಶೇ. 34. ಚುನಾವಣೆ ಬಂತು ಅಂದರೆ ಎರಡೂ ಕಡೆ ಬಿಗಿಯಾಗುತ್ತದೆ, ಅದನ್ನೂ ಕಂಡಿದ್ದೇನೆ. ಆದರೆ ಡಬಲ್ಸ್ ನಮ್ಮದಲ್ಲ ಅನ್ನುವ ಆಫ್ರಿಕನ್ ಮೂಲದವರನ್ನು ನಾನು ನೋಡಿಲ್ಲ. ನನ್ನ ಬೇಲಿಯಾಚೆಯ ಗೆಳತಿ ಈಗ ಬ್ರೂಕ್ಲಿನ್‌ನಲ್ಲಿದ್ದಾಳೆ. ವಿಮಾನ ಇಳಿದು, ಸೂಟ್‌ಕೇಸ್ ಸಮೇತ ಮೊದಲು ಹೋಗಿದ್ದು ಡಬಲ್ಸ್ ಗಾಡಿಗೆ. ಅದು ಅವಳ ಊರಿನ ತಿಂಡಿ. ಅದಕ್ಕೇ ನಾನು ಅದನ್ನು ಟ್ರಿನಿಡಾಡ್‌ನ ಅಡುಗೆ ಅನ್ನೋದು.

ಚುರುಮುರಿ

ಸರಿ, ಇದು ನನಗೆ ಗೊತ್ತಿರಲಿಲ್ಲ. ಕುಚೇಲಾ ಅಂದರೆ ಏನು?

ಟುನಾಪುನಾ ಹುಡುಗಿ

ತುರಿದ ಮಾವಿನಕಾಯಿ ಉಪ್ಪಿನಕಾಯಿ. ತುರಿಯನ್ನು ಹಿಂಡಿ ಬಿಸಿಲಿಗೆ ಒಣಗಿಸಿ, ಅಮ್ಚಾರ್ ಮಸಾಲೆ, ಸಾಸಿವೆ ಎಣ್ಣೆ, ಮೆಣಸು ಹಾಕುತ್ತಾರೆ.

ಬಿಸಿಲೂರು

ಅಕ್ಕಾವ್ರೆ, ನಮ್ಮದು ಕಲಬುರಗಿ ಕಡೆ. ಮನೆಯಲ್ಲಿ ತೊಗರಿ ಬೆಳೀತೀವಿ. ಕೆರಿಬಿಯನ್ ಕಡೆ ಹಸಿ ತೊಗರಿ ಕಾಳಿನ ಅನ್ನ ಮಾಡ್ತಾರೆ ಅಂತ ಎಲ್ಲೋ ಓದಿದ್ದೆ. ಖರೇನಾ? ನಮ್ಮಲ್ಲಿ ಹಸಿ ತೊಗರಿಕಾಯಿ ಬಂದಾಗ ಹೊಲದಲ್ಲೇ ಸುಟ್ಟು ತಿನ್ನೋದು, ಉಪ್ಪು ಹಾಕಿ ಕುದಿಸಿ ತಿನ್ನೋದು ಜಾಸ್ತಿ.

ಟುನಾಪುನಾ ಹುಡುಗಿ

ನಿಜ! ನೀವು ಕೇಳಿದ್ದು ತುಂಬಾ ಖುಷಿಯಾಯಿತು, ಯಾಕೆಂದರೆ ಇದು ನನ್ನ ಇನ್ನೊಬ್ಬ ಗೆಳತಿಯ ಕಥೆ.

ಆ ಅನ್ನಕ್ಕೆ ಪೆಲಾವ್ ಅಂತಾರೆ. ತೊಗರಿ ನಮ್ಮ ನೆಲದ ಬೆಳೆಯೇ. ಆದರೆ ಅದು ಮೊದಲು ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರ ಹಡಗುಗಳ ಕಾಲದಲ್ಲೇ ಕೆರಿಬಿಯನ್ ಸೇರಿತ್ತು. ಅಂದರೆ ಭಾರತೀಯರು ಕಾಲಿಡುವ ಮೊದಲೇ ಭಾರತದ ತೊಗರಿ ಅಲ್ಲಿತ್ತು.

ಮದುವೆ ಮುಗಿದ ಮುಂದಿನ ವಾರ ಬೇಲಿಯಾಚೆಯ ಗೆಳತಿಯ ಅಮ್ಮನ ಮನೆಯಲ್ಲಿ ಊಟ. ಅಮ್ಮನಿಗೆ ಎಂಬತ್ತು ದಾಟಿದೆ. ಕುರ್ಚಿ ಮೇಲೆ ಕೂತು ಒಂದೊಂದೇ ಆಜ್ಞೆ ಕೊಡುತ್ತಿದ್ದರು, ನಾವು ಮೂವರೂ ಒಲೆ ಮುಂದೆ. ಮೊದಲು ಕಬ್ಬಿಣದ ಪಾತ್ರೆಯಲ್ಲಿ ಎಣ್ಣೆ, ಅದಕ್ಕೆ ಕಂದು ಸಕ್ಕರೆ. ಸಕ್ಕರೆ ಕರಗಿ, ನೊರೆ ಬಂದು, ಅಂಚಿನಲ್ಲಿ ಹೊಗೆಯಾಡೋಕೆ ಶುರುವಾಗುತ್ತದೆ. ಬಣ್ಣ ಜೇನಿನಿಂದ ಕಾಫಿ ಡಿಕಾಕ್ಷನ್‌ಗೆ ತಿರುಗುವ ಆ ಕ್ಷಣಕ್ಕೆ ಕೋಳಿ ಹಾಕಿಬಿಡಬೇಕು. ಒಂಚೂರು ಮುಂಚೆ ಆದರೆ ಬರೀ ಸಿಹಿ, ಒಂಚೂರು ತಡವಾದರೆ ಕಹಿ. "ಈಗ!" ಅಂತ ಅಮ್ಮ ಕೂಗಿದರು. ಅವರು ಪಾತ್ರೆ ನೋಡಲೇ ಇಲ್ಲ, ವಾಸನೆಯಲ್ಲೇ ಗೊತ್ತಾಗಿತ್ತು. ಆಮೇಲೆ ತೊಗರಿ ಕಾಳು, ಅಕ್ಕಿ, ತೆಂಗಿನಹಾಲು, ಸಿಹಿಗುಂಬಳದ ಹೋಳು. ಮೇಲೆ ಒಂದು ಇಡೀ ಮೆಣಸಿನಕಾಯಿ. ಅದು ಒಡೆಯಬಾರದು. ಘಮ ಮಾತ್ರ ಅನ್ನಕ್ಕೆ ಇಳಿಯಬೇಕು. ಒಡೆದರೆ ಇಡೀ ಪಾತ್ರೆ ಬಾಯಿಗೆ ಇಡೋಕಾಗಲ್ಲ. ತಳದಲ್ಲಿ ಹತ್ತಿದ ಸೀಕಲಿಗೆ ಬನ್-ಬನ್ ಅಂತಾರೆ. ಚಿಕ್ಕವರಿದ್ದಾಗ ಅದಕ್ಕೆ ಜಗಳ ಆಡುತ್ತಿದ್ದೆವು. ಈ ಸಲ ಅಮ್ಮನೇ ಮೂರು ಪಾಲು ಮಾಡಿಸಿದರು.

ನಮ್ಮಮ್ಮ ಸಸ್ಯಾಹಾರಿ. ಆಗಿನ ಕಾಲದಲ್ಲಿ ಆ ಮನೆಯಲ್ಲಿ ನಮ್ಮಮ್ಮನಿಗೆ ಅಂತ ಕೋಳಿ ಇಲ್ಲದ ಪೆಲಾವ್ ಬೇರೆ ಪಾತ್ರೆಯಲ್ಲಿ ಆಗುತ್ತಿತ್ತು. ಯಾರೂ ಕೇಳಿರಲಿಲ್ಲ, ಅವರೇ ಗಮನಿಸಿ ಮಾಡುತ್ತಿದ್ದರು. ಕಾಲಲೂ ಅನ್ನುವ ಸಾರಿನದೂ ಅಷ್ಟೇ. ಅದು ಕೆಸುವಿನ ಎಲೆ, ಬೆಂಡೆಕಾಯಿ, ತೆಂಗಿನಹಾಲು ಹಾಕಿ ಬೇಯಿಸಿ ಕಡೆದ ಗಟ್ಟಿ ಸಾರು. ಅದಕ್ಕೆ ಏಡಿ ಹಾಕುವುದು ರೂಢಿ. ನಮ್ಮಮ್ಮನ ಬಟ್ಟಲಿನದು ಏಡಿ ಹಾಕುವ ಮೊದಲೇ ತೆಗೆದಿಟ್ಟದ್ದು. ನಮ್ಮಮ್ಮ ಈಗಿಲ್ಲ. ಅವರಿಗೆ ಕೋಳಿ ಹಾಕದ ಪೆಲಾವ್ ಇಷ್ಟ ಇತ್ತು ಅಂತ ಆ ಅಮ್ಮ ಇನ್ನೂ ನೆನಪಿಟ್ಟಿದ್ದರು.

ಬಿಸಿಲೂರು

ಇದನ್ನು ನಮ್ಮ ಅವ್ವನಿಗೆ ಓದಿ ಹೇಳಿದೆ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದಾಗಲೂ ಇಷ್ಟು ಖುಷಿ ಪಟ್ಟಿರಲಿಲ್ಲ. ಕೋಳಿ ಇಲ್ಲದೆ ಮಾಡಿದರೆ ಸಕ್ಕರೆ ಸುಡಬೇಕಾ?

ಟುನಾಪುನಾ ಹುಡುಗಿ

ಸುಡಲೇಬೇಕು, ಬಣ್ಣ, ರುಚಿ ಎರಡೂ ಅದರದ್ದೇ. ಕೋಳಿ ಬದಲು ಹಸಿ ತೊಗರಿ ಕಾಳನ್ನೇ ಮೊದಲು ಹಾಕಿ ತಿರುವಿ. ಸಕ್ಕರೆ ಸಿಡಿಯುತ್ತದೆ, ಉದ್ದ ಸೌಟು ಇರಲಿ, ಮಕ್ಕಳು ಹತ್ತಿರ ಬರೋದು ಬೇಡ.

ಗ್ರೆನಡಾ ಅಮ್ಮ

ನನ್ನ ಮಗಳು ಗ್ರೆನಡಾದಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ನಾನು ಒಂದು ಸಲ ಹೋಗಿದ್ದೆ. ಅಲ್ಲಿ ಆಯಿಲ್ ಡೌನ್ ರಾಷ್ಟ್ರೀಯ ಖಾದ್ಯ. ದೀಗುಜ್ಜೆ (ಬ್ರೆಡ್‌ಫ್ರೂಟ್), ಕೆಸುವಿನ ಎಲೆ, ಹಿಟ್ಟಿನ ಉಂಡೆ, ಅರಿಶಿನ, ತೆಂಗಿನಹಾಲು. ಉಪ್ಪಿನಲ್ಲಿಟ್ಟ ಮಾಂಸವನ್ನೂ ಹಾಕುತ್ತಾರೆ, ನಮಗೆ ಅಂತ ಬಿಟ್ಟು ಮಾಡಿದ್ದರು. ಹಾಲೆಲ್ಲ ಇಂಗಿ ತಳದಲ್ಲಿ ಎಣ್ಣೆ ಉಳಿಯುವ ತನಕ ಬೇಯಬೇಕು. ಸಮುದ್ರ ದಂಡೆಯಲ್ಲಿ ಮೂರು ಕಲ್ಲು ಇಟ್ಟು ಒಲೆ. ಒಬ್ಬರು ಕಾಯಿ ತುರಿದರೆ ಇನ್ನೊಬ್ಬರು ಸೌದೆ ಹಾಕೋದು. ಮಂಗಳೂರು ಕಡೆಯವಳಾದ ನನಗೆ ದೀಗುಜ್ಜೆ ಕಂಡು ಹಿಗ್ಗೋ ಹಿಗ್ಗು. ಅದು ಕೆರಿಬಿಯನ್‌ಗೆ ಬಂದದ್ದು 1793ರಲ್ಲಿ, ಬ್ಲೈ ಅನ್ನುವ ಕ್ಯಾಪ್ಟನ್ ತಾಹಿಟಿಯಿಂದ ಹಡಗಿನಲ್ಲಿ ಗಿಡ ತಂದರು, ಗುಲಾಮರ ಹೊಟ್ಟೆಗೆ ಅಗ್ಗದಲ್ಲಿ ಏನಾದರೂ ಹಾಕೋಕೆ ಅಂತ. ಮಗಳ ಮನೆ ಓನರ್ ಅಜ್ಜಿ ಅದನ್ನು ಹೇಳಿ, "ಆದರೂ ಈಗ ಇದು ನಮ್ಮ ಹಬ್ಬದೂಟ" ಅಂದರು.

ವಿಶಿ ಅಭಿಮಾನಿ

ಟ್ರಿನಿಡಾಡ್ ಅಂದಮೇಲೆ ಸುಮ್ನೆ ಹೋಗೋಕೆ ಆಗಲ್ಲ. 1976ರ ಏಪ್ರಿಲ್, ಪೋರ್ಟ್ ಆಫ್ ಸ್ಪೇನ್, ಕ್ವೀನ್ಸ್ ಪಾರ್ಕ್ ಓವಲ್. ಭಾರತ 403 ಬೆನ್ನಟ್ಟಿ ಗೆದ್ದ ಪಂದ್ಯ. ಗವಾಸ್ಕರ್ 102, ನಮ್ಮ ಭದ್ರಾವತಿಯ ವಿಶ್ವನಾಥ್ 112. ಟೆಸ್ಟ್‌ನಲ್ಲಿ ಅತಿ ಹೆಚ್ಚು ರನ್ ಬೆನ್ನಟ್ಟಿ ಗೆದ್ದ ಆ ದಾಖಲೆ 2003ರವರೆಗೆ ಉಳಿಯಿತು. ಅಲ್ಲಿನ ಭಾರತೀಯ ಮೂಲದವರು ಅದನ್ನು ನೆನೆಸಿಕೊಳ್ಳುತ್ತಾರಾ?

ಟುನಾಪುನಾ ಹುಡುಗಿ

ಖಂಡಿತ. ಗೆಳತಿಯ ಚಿಕ್ಕಪ್ಪ ಮದುವೆ ಕಡಾಯಿಗೆ ಹುಟ್ಟು ಹಾಕುತ್ತಿದ್ದವರು, ನಾನು ಕರ್ನಾಟಕದವಳು ಅಂದ ಕೂಡಲೇ ವಿಶ್ವನಾಥ್ ಹೆಸರು ತೆಗೆದರು. ಅವರ ಸ್ಕ್ವೇರ್ ಕಟ್ ಹೇಗಿತ್ತು ಅಂತ ಹುಟ್ಟಿನಲ್ಲೇ ತೋರಿಸಿದರು.

ಹಳೇ ಬೆಂಚು

ನಾನು ಕೆರಿಬಿಯನ್ ನೋಡಿದವನಲ್ಲ. ಆದರೆ ನನ್ನ ಬಾಲ್ಯ ಮಸ್ಕತ್‌ನಲ್ಲಿ ಕಳೆಯಿತು. ಆಗಿನ ಗೆಳೆಯರು ಈಗ ಒಂದು ಗುಂಪು ಮಾಡಿ ಎಲ್ಲರೂ ಸೇರೋಣ ಅಂತಿದ್ದಾರೆ. ಹೋಟೆಲ್ ಬುಕ್ ಆಗಿದೆ. ನನಗೆ ಮನಸ್ಸಿಲ್ಲ. ಒಬ್ಬೊಬ್ಬರೂ ಒಂದೊಂದು ಎತ್ತರಕ್ಕೆ ಹೋಗಿದ್ದಾರೆ. ಬಫೆ ತಟ್ಟೆ ಹಿಡಿದು ಯಾರು ಎಷ್ಟು ದುಡಿದರು ಅಂತ ಕೇಳಿಸಿಕೊಳ್ಳೋಕೆ ಅಷ್ಟು ದೂರ ಹೋಗಬೇಕಾ ಅನಿಸುತ್ತದೆ. ನಿಮ್ಮ ಮಾತು ಓದಿ ಯೋಚನೆಗೆ ಬಿತ್ತು.

ಟುನಾಪುನಾ ಹುಡುಗಿ

ದಯವಿಟ್ಟು ಹೋಗಿ. ಆದರೆ ಹೋಟೆಲ್ ಒಂದೇ ಸಾಕು ಅನ್ನಬೇಡಿ. ಗುಂಪಿನಲ್ಲಿ ಯಾರದಾದರೂ ಮನೆ ಅಲ್ಲೇ ಇದ್ದರೆ ಒಂದು ಸಂಜೆ ಅಲ್ಲಿ ಇಡೋಣ, ಅಡುಗೆ ನಾವೇ ಮಾಡೋಣ ಅಂತ ಕೇಳಿ. ನಾವೂ ಒಂದು ಸಂಜೆ ಪೋರ್ಟ್ ಆಫ್ ಸ್ಪೇನ್‌ನ ಒಳ್ಳೆಯ ರೆಸ್ಟೋರೆಂಟ್‌ಗೆ ಹೋದೆವು. ಊಟ ಚೆನ್ನಾಗಿತ್ತು. ಆದರೆ ಅಲ್ಲಿ ನಾವು ಮಕ್ಕಳ ಕೆಲಸ, ವೀಸಾ, ಬಿಪಿ ಮಾತ್ರೆ ಅಂತ ಮಾತಾಡಿದೆವು. ಅಡುಗೆ ರಾತ್ರಿಯಲ್ಲಿ ನನ್ನ ಪಕ್ಕ ಕೂತವಳು ನಿವೃತ್ತ ಮುಖ್ಯ ಶಿಕ್ಷಕಿಯೋ, ಬ್ಯಾಂಕಿನವಳೋ ಯಾರಿಗೂ ಬೇಕಿರಲಿಲ್ಲ. ಕುಂಬಳಕಾಯಿ ಹೆಚ್ಚೋಕೆ ಬರುತ್ತಾ, ಇಷ್ಟೇ ಪ್ರಶ್ನೆ. ನಮ್ಮ ಹಳ್ಳಿ ಮದುವೆಗಳಲ್ಲೂ ಹಿಂದಿನ ರಾತ್ರಿ ತರಕಾರಿ ಹೆಚ್ಚೋಕೆ ಊರೆಲ್ಲ ಸೇರುತ್ತಿತ್ತಲ್ವಾ? ಈಗ ಕಲ್ಯಾಣ ಮಂಟಪಕ್ಕೆ ಊಟದ ಹೊತ್ತಿಗೆ ಹೋಗಿ ಬರುತ್ತೀವಿ. ನನಗೆ ಇದು ದೊಡ್ಡ ನಷ್ಟ ಅನಿಸುತ್ತದೆ.

ಸ್ಕಾರ್ಬರೋ ಕನ್ನಡಿಗ

ಟೊರಾಂಟೊದಿಂದ. ಇಲ್ಲಿ ಸ್ಕಾರ್ಬರೋದಲ್ಲಿ ಟ್ರಿನಿಡಾಡ್, ಗಯಾನಾದವರ ರೊಟ್ಟಿ ಅಂಗಡಿಗಳು ಬೇಕಾದಷ್ಟಿವೆ. ನನ್ನ ಗಯಾನಾ ಸಹೋದ್ಯೋಗಿ ಮನೆ ಪೂಜೆಯಲ್ಲಿ ಸೆವೆನ್ ಕರಿ ಬಡಿಸಿದರು, ಏಳು ಬಗೆ ಪಲ್ಯ. ಅವರ ಊರಲ್ಲಿ ತಾವರೆಯಂಥ ನೀರಿನ ಗಿಡದ ಎಲೆ ಮೇಲೆ ಬಡಿಸುತ್ತಾರಂತೆ. ಒಂದು ಪ್ರಶ್ನೆ: ಶಾಡೋ ಬೆನಿ ಕರ್ನಾಟಕದಲ್ಲಿ ಸಿಗುತ್ತಾ? ಅಮ್ಮನಿಗೆ ತೋರಿಸಬೇಕು.

ಟುನಾಪುನಾ ಹುಡುಗಿ

ಸಿಗುತ್ತದೆ. ಮಲೆನಾಡಿನ ತೋಟಗಳಲ್ಲಿ, ತೇವ ಇರುವ ನೆರಳಿನಲ್ಲಿ ಬೆಳೆಯುತ್ತದೆ. ಕಾಡು ಕೊತ್ತಂಬರಿ ಅಂತಾರೆ. ಉದ್ದ ಎಲೆ, ಅಂಚಿನಲ್ಲಿ ಗರಗಸದ ಹಲ್ಲು. ವಾಸನೆ ಕೊತ್ತಂಬರಿಯದೇ, ಆದರೆ ಜೋರು. ಬೇಯಿಸಿದರೂ ಹೋಗಲ್ಲ. ಮೂಲ ಅಮೆರಿಕ ಖಂಡದ ಉಷ್ಣವಲಯ.

ಮಲ್ಲಿಗೆಬಳ್ಳಿ

ಡಬಲ್ಸ್ ಮಾಡೋಣ ಅಂತಿದ್ದೇನೆ. ಬಾರಾ ಅಳತೆ ಹೇಳ್ತೀರಾ? ಈ ಭಾನುವಾರ ನನ್ನ ಶಾಲೆ ಗೆಳತಿಯರು ಮನೆಗೆ ಬರುತ್ತಿದ್ದಾರೆ.

ಟುನಾಪುನಾ ಹುಡುಗಿ

ಎರಡು ಕಪ್ ಮೈದಾ, ಅರ್ಧ ಚಮಚ ಅರಿಶಿನ, ಅರ್ಧ ಚಮಚ ಹುರಿದ ಜೀರಿಗೆ ಪುಡಿ, ಒಂದು ಚಮಚ ಯೀಸ್ಟ್, ಚಿಟಿಕೆ ಸಕ್ಕರೆ, ಉಪ್ಪು. ಉಗುರು ಬೆಚ್ಚಗಿನ ನೀರು ಸುಮಾರು ಒಂದು ಕಪ್. ಹಿಟ್ಟು ಚಪಾತಿ ಹದಕ್ಕಿಂತ ತುಂಬಾ ಸಡಿಲ, ಕೈಗೆ ಅಂಟಬೇಕು. ಗಾಬರಿಯಾಗಿ ಮೈದಾ ಜಾಸ್ತಿ ಹಾಕಬೇಡಿ. ಒಂದು ಗಂಟೆ ಉಬ್ಬಲಿ. ಆಮೇಲೆ ನಿಂಬೆ ಗಾತ್ರದ ಉಂಡೆ ಮಾಡಿ, ಮತ್ತೆ ಹತ್ತು ನಿಮಿಷ ಬಿಡಿ. ಲಟ್ಟಣಿಗೆ ಬೇಡ, ಎಣ್ಣೆ ಕೈಯಲ್ಲೇ ತಟ್ಟಿ. ಬಿಸಿ ಎಣ್ಣೆಯಲ್ಲಿ ಒಂದು ಕಡೆ ಹತ್ತು ಸೆಕೆಂಡ್ ಸಾಕು, ಕೆಂಪಗಾಗಬಾರದು. ತೆಗೆದ ತಕ್ಷಣ ಬಟ್ಟೆಯಲ್ಲಿ ಮುಚ್ಚಿಡಿ.

ಕಾಬೂಲ್ ಕಡಲೆ ರಾತ್ರಿ ನೆನೆಸಿ, ಚೆನ್ನಾಗಿ ಬೇಯಿಸಿ. ಕರಿ ಪುಡಿಯನ್ನು ನೀರಲ್ಲಿ ಕಲಸಿ, ಬಿಸಿ ಎಣ್ಣೆಗೆ ಹಾಕಿ, ಎಣ್ಣೆ ಬಿಡುವ ತನಕ ಹುರಿಯಬೇಕು. ಆಮೇಲೆ ಕಡಲೆ, ಬೆಳ್ಳುಳ್ಳಿ, ಕಾಡು ಕೊತ್ತಂಬರಿ. ಟೊಮೆಟೊ, ಗರಂ ಮಸಾಲಾ ಬೇಡ. ನೀರು ನೀರಾಗಿಯೇ ಇರಲಿ. ಮತ್ತೆ ಗೆಳತಿಯರು ಬರುವ ಮುಂಚೆ ಎಲ್ಲ ಮುಗಿಸಿ ಇಡಬೇಡಿ. ಹಿಟ್ಟು ಮಾತ್ರ ಮಾಡಿಟ್ಟಿರಿ.

ಮಲ್ಲಿಗೆಬಳ್ಳಿ

ಹಾಗೇ ಮಾಡ್ತೀನಿ. ಒಬ್ಬಳಿಗೆ ತಟ್ಟೋ ಕೆಲಸ, ಒಬ್ಬಳಿಗೆ ಕರಿಯೋ ಕೆಲಸ. ಹುಣಸೆ ಚಟ್ನಿ ಮಾತ್ರ ನಾನು ಇವತ್ತೇ ಮಾಡಿಡ್ತೀನಿ.

ಬಿಸಿಲೂರು

ಅಕ್ಕಾವ್ರೆ, ಡಿಸೆಂಬರ್‌ನಲ್ಲಿ ನಮ್ಮ ಹೊಲದಲ್ಲಿ ಹಸಿ ತೊಗರಿಕಾಯಿ ಬರುತ್ತದೆ. ಮೈಸೂರು ಕಡೆ ಬರುವ ಲಾರಿ ಸಿಕ್ಕರೆ ಒಂದು ಚೀಲ ಕಳಿಸ್ತೀನಿ. ನಿಮ್ಮ ಗೆಳತಿಯರು ಆ ಹೊತ್ತಿಗೆ ಈ ಕಡೆ ಬರುವ ಹಾಗಿದ್ದರೆ ಮೊದಲೇ ಹೇಳಿ, ಎರಡು ಚೀಲ ಹಾಕಿಸ್ತೀನಿ.